ಇಬ್ಬರ ಗಾಡಿಯ ಬೆಲೆ

ಮೋಟಾರು ಗಾಡಿಯೊಂದನ್ನು ಕೊಳ್ಳಹೊರಟ ನಮ್ಮ ಗೃಹಸ್ಥನು ಮೊದಲು ಕೇಳುವ ಪ್ರಶ್ನೆ, ಅದರಲ್ಲಿ ಎಷ್ಟು ಮಂದಿ ಕೂರಬಹುದು ಎಂಬುದು. ಐವರಿಗೆಂದು ಮಾಡಿದ ಗಾಡಿಯಲ್ಲಿ ಎಂಟು ಮಂದಿಯನ್ನೂ, ಅವರ ಮಡಿಲಲ್ಲಿ ಮೂರು ಮಕ್ಕಳನ್ನೂ, ಹಿಂದುಗಡೆ ಒಂದು ಹಲಸಿನ ಹಣ್ಣನ್ನೂ ತುಂಬಿಕೊಂಡು ಮದುವೆಗೆ ಹೋಗಿಬಂದ ಜನ ನಾವು. ಅಂಥವರ ಮುಂದೆ ಇಬ್ಬರಿಗೆ ಮಾತ್ರ ಎಡೆಯಿರುವ, ಮೇಲೆ ಗಟ್ಟಿಯಾದ ಸೂರೂ ಇಲ್ಲದ, ಒಂದು ಪೆಟ್ಟಿಗೆಯನ್ನಿಡಬೇಕಾದರೂ ಎರಡು ಸಲ ಯೋಚಿಸಬೇಕಾದ ಗಾಡಿಯೊಂದನ್ನು ನಿಲ್ಲಿಸಿ, ‘ನಾಲ್ವರು ಕೂರುವ ಗಾಡಿಗಿಂತ ಇದಕ್ಕೇ ಬೆಲೆ ಹೆಚ್ಚು’ ಎಂದರೆ ನಕ್ಕಾರು. ನಗುವುದರಲ್ಲಿ ತಪ್ಪೂ ಇಲ್ಲ. ಆದರೂ ಸುಮಾರು ನೂರು ವರ್ಷಗಳಿಂದ ಇಂಗ್ಲೆಂಡು, ಅಮೆರಿಕ, ಜಪಾನುಗಳಲ್ಲಿ ಇಂತಹ ಗಾಡಿಯನ್ನು ಮಾಡುವವರಿದ್ದಾರೆ, ಕೊಳ್ಳುವವರಿದ್ದಾರೆ. ಅದನ್ನು ಸಾಮಾನ್ಯ ಸಂಬಳದವನ ಕೈಗೆ ಎಟುಕುವ ಬೆಲೆಗೆ ಮಾರುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಸುತ್ತ ಕಾರ್ಖಾನೆಗಳು ಎದ್ದಿವೆ, ಬಿದ್ದಿವೆ. ಸಿರಿವಂತರಿಗೆಂದು ಮಾಡುವ ಓಟದ ಗಾಡಿಯ ಮಾತು ಬೇರೆ. ಅಲ್ಲಿ ಬೆಲೆಯೂ ಒಂದು ಆಭರಣ. ಅಗ್ಗದ ಗಾಡಿಯಲ್ಲಾದರೋ ಬೆಲೆಯೇ ಕಥಾನಾಯಕ.

ಈ ಕಥೆಯನ್ನು ಆಕ್ಸ್‌ಫರ್ಡಿನ ಒಂದು ಮೋಟಾರು ಅಂಗಡಿಯಿಂದ ಆರಂಭಿಸಬೇಕು. ಅಂಗಡಿ ವಿಲಿಯಂ ಮಾರಿಸ್ ಎಂಬವರದು. ಹೆಸರು ಮಾರಿಸ್ ಗರಾಜಸ್. ಅದರ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಅವರಿಗೆ ಮಾರಿಸರ ಸಾಧಾರಣ ಗಾಡಿಗಳಿಗೆ ಬೇರೆ ಉಡುಪು ತೊಡಿಸಿ ಮಾರುವ ಹವ್ಯಾಸ. ಅಂಗಡಿಯ ಹೆಸರಿನ ಮೊದಲಕ್ಷರಗಳನ್ನೇ ಹಿಡಿದು ಅವಕ್ಕೆ ‘ಎಂ. ಜಿ.’ ಎಂದು ಹೆಸರಾಯಿತು. ೧೯೨೮ರಲ್ಲಿ ಮಾರಿಸ್ ಮೈನರ್ ಎಂಬ ಪುಟ್ಟ ಸಂಸಾರದ ಗಾಡಿ ಹೊರಬಂದಾಗ ಕಿಂಬರ್ ಅದರ ೮೪೭ ಸಿ. ಸಿ. ಎಂಜಿನನ್ನೂ ಚೌಕಟ್ಟನ್ನೂ ತೆಗೆದುಕೊಂಡು, ಮರದ ಹಲಗೆಗೆ ಬಟ್ಟೆ ಹೊದಿಸಿದ, ದೋಣಿಯಂತೆ ಹಿಂದಕ್ಕೆ ಚೂಪಾದ ಮೈಯನ್ನು ಕೂರಿಸಿದರು. ಅದೇ ಎಂ. ಜಿ. ಮಿಜೆಟ್. ಬೆಲೆ ೧೭೫ ಪೌಂಡು. ಅದುವರೆಗೆ ಓಟದ ಗಾಡಿಯೆಂದರೆ ಜಮೀನುದಾರರ ಮಕ್ಕಳ ಆಟಿಕೆಯಾಗಿದ್ದಿತು. ಮಿಜೆಟ್ ಬಂದ ಮೇಲೆ ಬ್ಯಾಂಕಿನ ಗುಮಾಸ್ತನೂ ಅದರ ಕನಸು ಕಾಣಬಹುದಾಯಿತು.

ಕಿಂಬರ್ ಕಂಡುಹಿಡಿದದ್ದು ಗಾಡಿಯನ್ನಲ್ಲ, ಒಂದು ಲೆಕ್ಕವನ್ನು ಎನ್ನಬೇಕು. ಎಂಜಿನು, ಗೇರುಪೆಟ್ಟಿಗೆ, ಅಚ್ಚು, ಬ್ರೇಕು ಇವನ್ನು ಹೊಸದಾಗಿ ರೂಪಿಸಿ ಅವುಗಳ ಅಚ್ಚುಗಳನ್ನೂ ಯಂತ್ರಗಳನ್ನೂ ಸಿದ್ಧಪಡಿಸುವುದೇ ಮೋಟಾರು ಕಾರ್ಖಾನೆಯ ದೊಡ್ಡ ಖರ್ಚು. ಲಕ್ಷ ಗಾಡಿ ಮಾರುವವನು ಆ ಖರ್ಚನ್ನು ಲಕ್ಷ ಪಾಲು ಮಾಡಿ ಹಂಚುತ್ತಾನೆ. ಇಬ್ಬರ ಗಾಡಿಯನ್ನು ಕೊಳ್ಳುವವರು ಕೆಲವೇ ಸಾವಿರ. ಆದುದರಿಂದ ಅದರ ಹೊಟ್ಟೆಯೊಳಗಿನ ಅಂಗಾಂಗಗಳ ಸಾಲವನ್ನು ಬೇರೆ ಯಾರೋ ತೀರಿಸಿರಬೇಕು. ಊರ ವೈದ್ಯನೂ ಶಾಲೆಯ ಉಪಾಧ್ಯಾಯನೂ ಕೊಂಡ ಸಾಧು ಗಾಡಿ ಅದನ್ನು ತೀರಿಸುತ್ತದೆ. ತರುಣನ ಸಂತೋಷಕ್ಕೆ ಸಂಸಾರಸ್ಥನು ಅರಿಯದೆಯೇ ಕಾಣಿಕೆ ಕೊಡುವ ಏರ್ಪಾಟು ಇದು. ಇದನ್ನು ಮರೆತವರು ಯಾರೂ ಈ ವ್ಯಾಪಾರದಲ್ಲಿ ಬಹುಕಾಲ ಬಾಳಲಿಲ್ಲ.

ಕಿಂಬರ್ ತಮ್ಮ ಲೆಕ್ಕದ ಪೂರ್ಣ ಫಲವನ್ನು ಕಾಣಲಿಲ್ಲ. ೧೯೪೧ರಲ್ಲಿ ಅವರನ್ನು ಕೆಲಸದಿಂದ ಬಿಡಿಸಿದರು. ೧೯೪೫ರ ಫೆಬ್ರುವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ನಡೆದ ರೈಲು ಅಪಘಾತದಲ್ಲಿ ಅವರು ತೀರಿಕೊಂಡರು. ಅದೇ ವರ್ಷದ ಕೊನೆಗೆ ಆಬಿಂಗ್ಡನ್ ಊರಿನ ಎಂ. ಜಿ. ಕಾರ್ಖಾನೆಯಿಂದ ಟಿ. ಸಿ. ಎಂಬ ಗಾಡಿ ಹೊರಬಂದಿತು. ಯುದ್ಧದಿಂದ ಬರಿಗೈಯಾದ ಇಂಗ್ಲೆಂಡಿಗೆ ಆಗ ಡಾಲರು ಬೇಕಾಗಿದ್ದಿತು. ಪರದೇಶಕ್ಕೆ ಮಾರುವವನಿಗೇ ಉಕ್ಕು ಎಂಬುದು ಸರ್ಕಾರದ ನಿಯಮ. ಹತ್ತು ಸಾವಿರ ಟಿ. ಸಿ. ಗಾಡಿಗಳಲ್ಲಿ ಸುಮಾರು ಎರಡು ಸಾವಿರ ಮಾತ್ರ ಅಮೆರಿಕ ಸೇರಿದವು; ಅವೂ ಬಲಗಡೆ ಚಕ್ರದವು, ಆ ದೇಶದ ರಸ್ತೆಗೆ ಒಗ್ಗದವು. ಆದರೂ ಇಂಗ್ಲೆಂಡಿನಲ್ಲಿ ದಂಡಿನಲ್ಲಿದ್ದು ಮರಳಿದ ಸಿಪಾಯಿಗಳೂ ಹಾಲಿವುಡ್ಡಿನ ನಟರೂ ಅವನ್ನು ಮೆಚ್ಚಿದರು. ಎಡಚಕ್ರವಿಟ್ಟು ಮಾಡಿದ ಮುಂದಿನ ಟಿ. ಡಿ. ಗಾಡಿಗಳು ಮೂವತ್ತು ಸಾವಿರದಷ್ಟು. ಅವುಗಳಲ್ಲಿ ಬಹುಭಾಗ ಅಟ್ಲಾಂಟಿಕ್ ದಾಟಿದವು. ಇಂಗ್ಲೆಂಡಿನ ಒಂದು ಹಳ್ಳಿಯಂತಹ ಊರಿನ ಅನ್ನ ಅಂದಿನಿಂದ ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ ಬೇಯತೊಡಗಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಲಾಭವಿರುವಲ್ಲಿ ಪ್ರತಿಸ್ಪರ್ಧಿ ಬರುವನಷ್ಟೆ. ಕವೆಂಟ್ರಿಯ ಸ್ಟಾಂಡರ್ಡ್ ಕಂಪೆನಿಯ ಮುಖ್ಯಸ್ಥ ಸರ್ ಜಾನ್ ಬ್ಲ್ಯಾಕ್ ಅವರಿಗೆ ಎಂ. ಜಿ.ಯ ಯಶಸ್ಸು ನಿದ್ದೆಗೆಡಿಸಿತು. ೧೯೫೩ರಲ್ಲಿ ಅವರು ತಂದ ಟ್ರಯಂಫ್ ಟಿ. ಆರ್. ೨ರ ಮೂಲ ಬೆಲೆ ೫೫೫ ಪೌಂಡು, ಖರೀದಿ ಸುಂಕ ಸೇರಿ ೭೮೭. ಗಂಟೆಗೆ ನೂರು ಮೈಲಿ ಓಡುವ ಗಾಡಿ ಆ ಬೆಲೆಗೆ ಇಂಗ್ಲೆಂಡಿನಲ್ಲಿ ಬೇರೊಂದಿರಲಿಲ್ಲ. ಅದರ ಎಂಜಿನು ವ್ಯಾನ್‌ಗಾರ್ಡ್ ಎಂಬ ಮಂದಗತಿಯ ಸಂಸಾರದ ಗಾಡಿಯದು. ಅದೇ ವಂಶದ ಎಂಜಿನು ಫರ್ಗುಸನ್ ಟ್ರಾಕ್ಟರಿನಲ್ಲಿ ಹೊಲವನ್ನೂ ಉಳುತ್ತಿದ್ದಿತು. ಉಳುವ ಎತ್ತನ್ನು ಕುದುರೆಪಂದ್ಯಕ್ಕೆ ಕಟ್ಟಿ ಗೆದ್ದವರ ಕಥೆ ನಮ್ಮ ಹಳ್ಳಿಗಳಲ್ಲಿಯೂ ಸಿಕ್ಕಲಾರದು.

ಅದಕ್ಕೆ ಒಂದು ವರ್ಷ ಮೊದಲು, ೧೯೫೨ರ ಲಂಡನ್ ಪ್ರದರ್ಶನದಲ್ಲಿ, ಇನ್ನೊಂದು ಘಟನೆ ನಡೆಯಿತು. ಡೊನಾಲ್ಡ್ ಹೀಲಿ ಎಂಬ ಸಣ್ಣ ತಯಾರಕರು ಆಸ್ಟಿನ್ ಎಂಜಿನಿಟ್ಟು ಒಂದು ಸುಂದರವಾದ ಗಾಡಿ ಮಾಡಿ ೮೫೦ ಪೌಂಡೆಂದು ಬೆಲೆ ಬರೆದು ನಿಲ್ಲಿಸಿದ್ದರು. ಆಸ್ಟಿನ್ ಕಂಪೆನಿಯ ಯಜಮಾನ ಲೆನರ್ಡ್ ಲಾರ್ಡ್ ಅದನ್ನು ನೋಡಿ, ತಮ್ಮ ಕಾರ್ಖಾನೆಯಲ್ಲಿಯೇ ಅದನ್ನು ಮಾಡುವುದೆಂದು ಹೀಲಿಯವರೊಡನೆ ಒಪ್ಪಂದಕ್ಕೆ ಬಂದರು. ಗಾಡಿಯ ಹೆಸರು ಆಸ್ಟಿನ್-ಹೀಲಿ ಆಯಿತು. ಬೆಲೆ ೭೫೦ ಆಯಿತು. ಗಾಡಿ ಅದೇ, ತಗಡು ಅದೇ. ಕೆಲವು ಡಜನ್ ಮಾಡುವವನ ಕೈಯಿಂದ ಸಾವಿರಾರು ಮಾಡುವವನ ಕೈಗೆ ಹೋದ ಕಾರಣಕ್ಕೆ ನೂರು ಪೌಂಡು ಉದುರಿಹೋಯಿತು. ಅರ್ಥಶಾಸ್ತ್ರದ ಉಪಾಧ್ಯಾಯರು ಒಂದು ತಿಂಗಳು ಪಾಠ ಹೇಳಬಹುದಾದುದನ್ನು ಲಾರ್ಡ್ ಒಂದು ಬೆಲೆಚೀಟಿಯಲ್ಲಿ ಬರೆದು ತೋರಿಸಿದರು.

ಬೆಲೆಯನ್ನು ಇಳಿಸುವ ವಿದ್ಯೆ ತನ್ನ ಶಿಖರವನ್ನು ಮುಟ್ಟಿದ್ದು ೧೯೫೮ರ ಸ್ಪ್ರೈಟ್ ಗಾಡಿಯಲ್ಲಿ. ಅದೂ ಹೀಲಿಯವರದೇ ಕಲ್ಪನೆ. ೯೪೮ ಸಿ. ಸಿ.ಯ ಪುಟ್ಟ ಆಸ್ಟಿನ್ ಎಂಜಿನು, ಮಾರಿಸ್ ಮೈನರಿನ ಚಾಲನಚಕ್ರದ ಯಂತ್ರ. ದೀಪಗಳು ಬೇಡವಾದಾಗ ಮುಸುಡಿಯೊಳಗೆ ಮಲಗಿ, ಬೇಕಾದಾಗ ಏಳಬೇಕೆಂದು ಮೊದಲಿನ ನಕ್ಷೆಯಲ್ಲಿತ್ತು. ಏಳಿಸುವ ಯಂತ್ರಕ್ಕೆ ಹಣ ಹೆಚ್ಚಾದೀತೆಂದು ಅವನ್ನು ಎದ್ದ ಭಂಗಿಯಲ್ಲಿಯೇ ಬಿಗಿದುಬಿಟ್ಟರು. ಗಾಡಿ ಕಪ್ಪೆಗಣ್ಣು ಬಿಟ್ಟುಕೊಂಡು ನಗುವಂತೆ ಕಂಡಿತು. ಜನ ಅದಕ್ಕೆ ಕಪ್ಪೆಗಣ್ಣನೆಂದೇ ಹೆಸರಿಟ್ಟರು. ಬಾಗಿಲಿಗೆ ಹೊರಗಡೆ ಹಿಡಿಯಿಲ್ಲ; ಒಳಗೆ ಕೈ ಹಾಕಿ ತೆಗೆಯಬೇಕು. ಹಿಂದುಗಡೆ ಸಾಮಾನಿನ ಗೂಡಿದೆ, ಅದಕ್ಕೆ ಮುಚ್ಚಳವಿಲ್ಲ. ಆಸನವನ್ನು ಬಗ್ಗಿಸಿ, ಗುಹೆಗೆ ತೂರುವಂತೆ ತಲೆ ತೂರಿಸಿ, ಪೆಟ್ಟಿಗೆಯನ್ನು ತಳ್ಳಬೇಕು. ಮುಂದಿನ ಬಂಪರಿಗೂ ಒಳಗಿನ ಬಿಸಿಗಾಳಿಗೂ ಬೇರೆ ಹಣ. ಹೀಗೆ ಒಂದೊಂದೇ ಷಿಲ್ಲಿಂಗನ್ನು ಕಿತ್ತು ತೆಗೆದ ಮೇಲೆ ಮೂಲ ಬೆಲೆ ೪೪೫ ಪೌಂಡಿಗೆ ನಿಂತಿತು. ಸರ್ಕಾರ ಅದರ ಮೇಲೆ ೨೨೩ ಪೌಂಡು ೧೭ ಷಿಲ್ಲಿಂಗು ಸುಂಕ ಹೇರಿತೆಂಬುದು ಬೇರೆ ಮಾತು. ಕಾರ್ಖಾನೆ ಬೆವರು ಸುರಿಸಿ ಉಳಿಸಿದ್ದನ್ನು ಖಜಾನೆ ಒಂದು ಗೀಟಿನಲ್ಲಿ ಹಿಂದಕ್ಕೆ ಪಡೆಯುವುದು ಎಲ್ಲ ದೇಶಗಳಿಗೂ ಸಾಮಾನ್ಯವಾದ ಧರ್ಮ.

ಕೊಳ್ಳುವವರು ಈ ಬಡತನವನ್ನು ಬಡತನವೆಂದು ಎಣಿಸಲಿಲ್ಲ. ಐವತ್ತು ಸಾವಿರಕ್ಕೆ ಕೇವಲ ಒಂದು ಸಾವಿರ ಕಡಿಮೆ ಕಪ್ಪೆಗಣ್ಣು ಗಾಡಿಗಳು ಮೂರು ವರ್ಷಗಳಲ್ಲಿ ತಯಾರಾದವು. ಜಿಪುಣತನದಿಂದ ಹುಟ್ಟಿದ ಆ ಮುಖವೇ ಇಂದು ಸಂಗ್ರಾಹಕರು ಮುದ್ದಿಸುವ ಚೆಲುವಾಗಿದೆ.

ಇವೆಲ್ಲ ದೂರದ ಊರಿನ ವೈಭವವೆಂದು ನಮ್ಮವರು ತಿಳಿಯಬೇಕಾಗಿಲ್ಲ. ೧೯೫೫ರಲ್ಲಿ ಬಂದ ಚೆಲುವಾದ ಎಂ. ಜಿ. ಎ. ಗಾಡಿಯ ೧೪೮೯ ಸಿ. ಸಿ. ಎಂಜಿನಿನ ಸೋದರನೇ ೧೯೫೯ರಿಂದ ನಮ್ಮ ಅಂಬಾಸಿಡರ್ ಗಾಡಿಯಲ್ಲಿದ್ದಿತು. ಒಬ್ಬ ಅಣ್ಣ ಕ್ಯಾಲಿಫೋರ್ನಿಯದ ಕಡಲ ದಂಡೆಯಲ್ಲಿ ಕೂದಲು ಹಾರಿಸಿಕೊಂಡು ಓಡಿದ. ತಮ್ಮ ಅಮಲ್ದಾರರನ್ನೂ ಇಂಜಿನಿಯರರನ್ನೂ ಹೊತ್ತು ನಮ್ಮ ಕೆಮ್ಮಣ್ಣಿನ ರಸ್ತೆಗಳಲ್ಲಿ ಏಗಿದ. ಮದರಾಸಿನಲ್ಲಿ ಮಾಡುತ್ತಿದ್ದ ಸ್ಟಾಂಡರ್ಡ್ ಹೆರಾಲ್ಡ್ ಗಾಡಿಯನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಇಂಗ್ಲೆಂಡಿನಲ್ಲಿ ಆ ಹೆರಾಲ್ಡಿನ ಚೌಕಟ್ಟನ್ನೇ ಮೊಟಕುಮಾಡಿ, ಇಟಲಿಯ ಮಿಕೆಲೊಟ್ಟಿ ಎಂಬ ಕಲಾವಿದನ ಕೈಯಿಂದ ಮೈ ಬರೆಯಿಸಿ, ೧೯೬೨ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇಬ್ಬರ ಗಾಡಿಯನ್ನು ಮಾಡಿದರು.

ಸ್ಪಿಟ್‌ಫೈರ್ ಬಂದದ್ದೇ ಸ್ಪ್ರೈಟಿಗೂ, ೧೯೬೧ರಿಂದ ಅದರ ಅವಳಿಯಾಗಿದ್ದ ಹೊಸ ಎಂ. ಜಿ. ಮಿಜೆಟ್ಟಿಗೂ ಸಂಕಟವಾಯಿತು. ಸ್ಪಿಟ್‌ಫೈರಿನ ಬಾಗಿಲಿನಲ್ಲಿ ತಿರುಗಿಸಿ ಏರಿಳಿಸುವ ಗಾಜು ಇತ್ತು. ಇವುಗಳಲ್ಲಿ ತೆಗೆದು ಸಿಕ್ಕಿಸುವ ಪರದೆ. ಮಳೆಯ ದೇಶದಲ್ಲಿ ಇದು ಸಣ್ಣ ಮಾತಲ್ಲ. ೧೯೬೪ರಲ್ಲಿ ಇವೂ ಗಾಜು ಪಡೆದವು, ಹೊರಗೆ ಹಿಡಿಯನ್ನೂ ಪಡೆದವು. ಸ್ಪರ್ಧೆ ಗ್ರಾಹಕನಿಗೆ ಮಾಡುವ ಉಪಕಾರ ಸಾಮಾನ್ಯವಾಗಿ ಇಂತಹದೇ: ಬೆಲೆ ಹಾಗೆಯೇ ನಿಂತು, ಅದರೊಳಗೆ ಒಂದು ಗಾಜು, ಒಂದು ಹಿಡಿ, ಒಂದು ಅಂಗುಲ ಜಾಗ ಸೇರುತ್ತ ಹೋಗುತ್ತದೆ. ೧೯೬೮ರಲ್ಲಿಯಾದರೋ ಎರಡು ಪಾಳೆಯಗಳೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸಂಸ್ಥೆಯಲ್ಲಿ ಲೀನವಾದವು. ಬೀದಿಯ ಜಗಳ ಸವತಿಯರ ಜಗಳವಾಯಿತು. ಹೊಸ ರೂಪ, ಹೊಸ ಎಂಜಿನು ಎಂದು ಒಬ್ಬರನ್ನೊಬ್ಬರು ಮೀರಿಸುವ ಉತ್ಸಾಹ ಉಡುಗಿತು. ೧೯೭೪ರಲ್ಲಿ ಎಂ. ಜಿ. ಮಿಜೆಟ್ಟಿನ ಹೊಟ್ಟೆಗೆ ಸ್ಪಿಟ್‌ಫೈರಿನ ಎಂಜಿನನ್ನೇ ಇಟ್ಟರು. ಎಂ. ಜಿ. ಭಕ್ತರಿಗೆ ಇದು ಮಠ ಬದಲಾಯಿಸಿದಷ್ಟೇ ನೋವಿನ ಸಂಗತಿ.

ಹೊರಗಿನ ಪೈಪೋಟಿ ಆ ಹೊತ್ತಿಗೆ ಪೂರ್ವದಿಂದ ಬಂದಿದ್ದಿತು. ಜಪಾನಿನಲ್ಲಿ ಈ ಬಗೆಯ ಗಾಡಿಯ ಬೆಲೆಯನ್ನು ಒಂದು ಉತ್ಸವವನ್ನಾಗಿ ಮಾಡಿದವರು ಹೋಂಡಾ ಸಂಸ್ಥೆಯವರು. ೧೯೬೩ರಲ್ಲಿ ತಮ್ಮ ಎಸ್. ೫೦೦ ಎಂಬ ಇಬ್ಬರ ಗಾಡಿಗೆ ಬೆಲೆ ಎಷ್ಟಿದ್ದೀತು, ಊಹಿಸಿ ಎಂದು ಅವರು ಪತ್ರಿಕೆಗಳಲ್ಲಿ ಸಾರ್ವಜನಿಕರಿಗೆ ಸ್ಪರ್ಧೆಯೊಡ್ಡಿದರು. ಐವತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಸಾರಿದ ಬೆಲೆ ೪೫೯,೦೦೦ ಯೆನ್. ಆದರೆ ಇಂಗ್ಲಿಷರನ್ನು ನಿಜವಾಗಿ ಅಲುಗಾಡಿಸಿದ್ದು ಡಾಟ್ಸನ್ ೨೪೦ ಜೆಡ್. ಅದು ೧೯೭೦ರಲ್ಲಿ ಅಮೆರಿಕದಲ್ಲಿ ೩,೫೨೬ ಡಾಲರಿಗೆ ಸಿಕ್ಕಿತು. ಮೇಲೆ ಗಟ್ಟಿ ಸೂರು, ಆರು ಸಿಲಿಂಡರಿನ ಎಂಜಿನು, ಮಳೆಗೆ ಸೋರದ ಬಾಗಿಲು, ಬೆಳಿಗ್ಗೆ ತಪ್ಪದೆ ಹೊತ್ತುವ ಯಂತ್ರ. ಅದೇ ಸುಮಾರಿನ ಹಣಕ್ಕೆ ಇಂಗ್ಲೆಂಡು ಕೊಡುತ್ತಿದ್ದುದು ೧೯೬೨ರ ನಕ್ಷೆಯ ಎಂ. ಜಿ. ಬಿ.; ಸಿಲಿಂಡರು ನಾಲ್ಕು.

ಆ ಬಳಿಕ ಅಮೆರಿಕದ ಸುರಕ್ಷತೆಯ ನಿಯಮಗಳು ಬಂದವು. ೧೯೭೪ರಿಂದ ಎಂ. ಜಿ. ಬಿ.ಯ ಬೆಳ್ಳಿಯಂತಹ ಬಂಪರು ಹೋಗಿ ಕರಿಯ ರಬ್ಬರಿನ ಮೂತಿ ಬಂದಿತು. ದೀಪದ ಎತ್ತರ ಸರಿಹೊಂದಲೆಂದು ಗಾಡಿಯನ್ನೇ ಮೇಲಕ್ಕೆತ್ತಿ ಕೂರಿಸಿದರು. ತಿರುವಿನಲ್ಲಿ ಅದು ಓಲಾಡತೊಡಗಿತು. ಆದರೂ ಅಮೆರಿಕದವರು ಕೊಳ್ಳುತ್ತಲೇ ಇದ್ದರು. ಎಂ. ಜಿ. ಬಿ.ಯನ್ನು ಕೊಂದದ್ದು ರಬ್ಬರೂ ಅಲ್ಲ, ಡಾಟ್ಸನ್ನೂ ಅಲ್ಲ, ಪೌಂಡು.

ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಒಂದು ಗಾಡಿಯನ್ನು ಮಾಡಿ ಹಡಗಿಗೇರಿಸುವುದಕ್ಕೆ ೨,೦೦೦ ಪೌಂಡು ತಗಲುತ್ತದೆ ಎಂದಿಟ್ಟುಕೊಳ್ಳೋಣ. ಪೌಂಡಿಗೆ ೧.೭೦ ಡಾಲರು ಇದ್ದಾಗ ಅದು ೩,೪೦೦ ಡಾಲರು. ೧೯೭೬ರ ಕೊನೆಯಲ್ಲಿ ಪೌಂಡಿನ ಸ್ಥಿತಿ ಸುಮಾರು ಹೀಗಿದ್ದಿತು. ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿತು. ಬಡ್ಡಿಯ ದರ ಏರಿತು. ೧೯೮೦ರಲ್ಲಿ ಪೌಂಡು ೨.೪೦ ಡಾಲರಿಗೆ ಬಂದಿತು. ಅದೇ ಗಾಡಿಗೆ ಈಗ ೪,೮೦೦ ಡಾಲರು ಬಂದರೆ ಮಾತ್ರ ಅಸಲು. ಒಂದು ತಿರುಪನ್ನೂ ಹೆಚ್ಚಿಗೆ ಹಾಕಲಿಲ್ಲ, ಒಬ್ಬ ಕೂಲಿಯವನೂ ಸೋಮಾರಿಯಾಗಲಿಲ್ಲ. ಆದರೂ ೧,೪೦೦ ಡಾಲರು ಎಲ್ಲಿಂದಲೋ ಬಂದು ಕುಳಿತಿತು. ಬೆಲೆ ಏರಿಸಿದರೆ ಕೊಳ್ಳುವವನು ಜಪಾನಿನ ಅಂಗಡಿಗೆ ಹೋಗುತ್ತಾನೆ. ಏರಿಸದಿದ್ದರೆ ಮಾರಿದಷ್ಟೂ ನಷ್ಟ. ಅಮೆರಿಕದಲ್ಲಿ ಮಾರಿದ ಪ್ರತಿಯೊಂದು ಎಂ. ಜಿ. ಬಿ.ಗೂ ೯೦೦ ಪೌಂಡು ಕಳೆದುಕೊಳ್ಳುತ್ತಿದ್ದೇವೆ ಎಂದು ಆಡಳಿತವರ್ಗ ಹೇಳಿತು. ಆ ಲೆಕ್ಕವನ್ನು ಒಪ್ಪದವರೂ ಇದ್ದರು. ದೊಡ್ಡ ಸಂಸ್ಥೆಯ ಖರ್ಚನ್ನು ಯಾವ ಗಾಡಿಯ ತಲೆಗೆ ಎಷ್ಟು ಕಟ್ಟಬೇಕೆಂಬುದನ್ನು ನಿರ್ಧರಿಸುವವನು ಲೆಕ್ಕಿಗ. ಅವನ ಲೇಖನಿಗೆ ಮಮತೆ ಇರುವುದಿಲ್ಲ.

೧೯೭೯ರ ಸೆಪ್ಟೆಂಬರಿನಲ್ಲಿ ಆಬಿಂಗ್ಡನ್ನಿನಲ್ಲಿ ಹಬ್ಬ. ಎಂ. ಜಿ. ಆ ಊರಿಗೆ ಬಂದು ಐವತ್ತು ವರ್ಷ ತುಂಬಿತೆಂದು ಬೀದಿಗಳಲ್ಲಿ ಗಾಡಿಗಳ ಮೆರವಣಿಗೆ. ಅಪ್ಪ ದುಡಿದ ಪೀಠದಲ್ಲಿ ಮಗ ದುಡಿಯುತ್ತಿದ್ದ ಮನೆತನಗಳು ಆ ಊರಿನಲ್ಲಿದ್ದವು. ಹಬ್ಬ ಮುಗಿದ ಮರುದಿನ, ಸೆಪ್ಟೆಂಬರ್ ೧೦ರ ಸೋಮವಾರ, ಎಂ. ಜಿ. ಬಿ.ಯನ್ನು ನಿಲ್ಲಿಸುವುದಾಗಿ ಸಂಸ್ಥೆ ಪ್ರಕಟಿಸಿತು. ತೋರಣ ಬಿಚ್ಚುವುದಕ್ಕೂ ಬಿಡುವಿರಲಿಲ್ಲವೇನೋ! ಆಸ್ಟನ್ ಮಾರ್ಟಿನ್ ಸಂಸ್ಥೆಯ ಅಧ್ಯಕ್ಷ ಆ್ಯಲನ್ ಕರ್ಟಿಸ್ ಅವರು ಕೆಲವರನ್ನು ಕೂಡಿಸಿಕೊಂಡು ಕಾರ್ಖಾನೆಯನ್ನು ಕೊಳ್ಳಲು ಯತ್ನಿಸಿದರು. ಹಣ ಒದಗದೆ ಆ ಪ್ರಯತ್ನ ಬಿದ್ದುಹೋಯಿತು. ೧೯೮೦ರ ಅಕ್ಟೋಬರಿನಲ್ಲಿ ಕೊನೆಯ ಗಾಡಿ ಹೊರಬಂದಿತು. ಹದಿನೆಂಟು ವರ್ಷಗಳಲ್ಲಿ ಐದು ಲಕ್ಷಕ್ಕೂ ಮಿಕ್ಕ ಎಂ. ಜಿ. ಬಿ.ಗಳನ್ನು ಮಾಡಿದ ಕೈಗಳು ಬರಿದಾದವು. ಅವರ ಕುಶಲತೆ ಕಡಿಮೆಯಾಗಿದ್ದರೆ, ಅವರ ಗಾಡಿ ಯಾರಿಗೂ ಬೇಡವಾಗಿದ್ದರೆ, ಈ ಮುಕ್ತಾಯವನ್ನು ಅರ್ಥಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಸ್ಪಿಟ್‌ಫೈರ್ ಅದೇ ವರ್ಷ ನಿಂತಿತು, ಟ್ರಯಂಫ್ ಟಿ. ಆರ್. ೭ ಮರುವರ್ಷ.

ಇಂತಹ ಗಾಡಿಗೆ ಕಾಲ ಮುಗಿಯಿತೆಂದು ಬಲ್ಲವರು ಬರೆದರು. ಹಾಗೆ ಬರೆದ ವರ್ಗಕ್ಕೆ ಸೇರಿದ, ಆದರೆ ಹಾಗೆ ತಿಳಿಯದ ಒಬ್ಬ ಅಮೆರಿಕದ ಪತ್ರಕರ್ತ, ಜಪಾನಿ ಭಾಷೆ ಬಲ್ಲ ಬಾಬ್ ಹಾಲ್, ಹಿರೋಷಿಮಾದ ಮಜ್ದಾ ಸಂಸ್ಥೆಯ ಕೆನಿಚಿ ಯಮಮೊಟೊ ಅವರನ್ನು ಕಂಡಾಗ, ನೀವು ಹಳೆಯ ಇಂಗ್ಲಿಷ್ ರೀತಿಯ ಅಗ್ಗದ ತೆರೆದ ಗಾಡಿಯನ್ನು ಏಕೆ ಮಾಡಬಾರದು ಎಂದು ಕೇಳಿದರು. ಕೇಳಿದ್ದು ೧೯೭೯ರಲ್ಲಿ, ಆಬಿಂಗ್ಡನ್ನಿಗೆ ಬೀಗದ ಮಾತು ಬಂದ ವರ್ಷದಲ್ಲಿಯೇ. ಬೀಜ ಮೊಳೆಯಲು ಹತ್ತು ವರ್ಷ ಬೇಕಾಯಿತು. ೧೯೮೯ರ ಫೆಬ್ರುವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಎಂ. ಎಕ್ಸ್. ೫ ಕಾಣಿಸಿಕೊಂಡಿತು, ಅಮೆರಿಕದಲ್ಲಿ ಅದರ ಹೆಸರು ಮಿಯಾಟಾ. ಬೆಲೆ ೧೩,೮೦೦ ಡಾಲರು.

ಈ ಬೆಲೆಯ ಮುಂದೆ ಸ್ವಲ್ಪ ನಿಲ್ಲಬೇಕು. ಪೌಂಡು ಆಬಿಂಗ್ಡನ್ನನ್ನು ಮುಳುಗಿಸಿದಂತೆ ಯೆನ್ ಹಿರೋಷಿಮಾವನ್ನೂ ಮುಳುಗಿಸಬೇಕಾಗಿತ್ತು. ೧೯೮೫ರಲ್ಲಿ ಡಾಲರಿಗೆ ಸುಮಾರು ೨೪೦ ಯೆನ್ ಇದ್ದದ್ದು ೧೯೮೮ರ ಹೊತ್ತಿಗೆ ೧೩೦ಕ್ಕೂ ಕೆಳಗಿಳಿದಿತ್ತು. ಎಂದರೆ ಅಮೆರಿಕದಲ್ಲಿ ಬಂದ ಪ್ರತಿಯೊಂದು ಡಾಲರೂ ಜಪಾನಿನಲ್ಲಿ ಅರ್ಧವಾಗಿತ್ತು. ಆದರೂ ಅವರು ಬದುಕಿದರು. ಕಾರಣ ಕಿಂಬರರ ಹಳೆಯ ಲೆಕ್ಕವೇ. ೧.೬ ಲೀಟರಿನ ಎಂಜಿನು ಮಜ್ದಾದ ೩೨೩ ಎಂಬ ಸಂಸಾರದ ಗಾಡಿಯ ಕುಲದ್ದು; ಅಡ್ಡಲಾಗಿದ್ದುದನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದರು. ತೂಕವನ್ನು ಟನ್ನಿನ ಒಳಗೆ ಹಿಡಿದರು. ಹಗುರವಾದ ಗಾಡಿಗೆ ದೊಡ್ಡ ಎಂಜಿನೂ ಬೇಡ, ದೊಡ್ಡ ಬ್ರೇಕೂ ಬೇಡ, ಅಗಲವಾದ ಟೈರೂ ಬೇಡ. ತೂಕದಲ್ಲಿ ಮಾಡಿದ ಮಿತವ್ಯಯ ಬೆಲೆಯಲ್ಲಿ ಎರಡೆರಡು ಸಲ ಕೈಗೆ ಬರುತ್ತದೆ. ಸ್ಪ್ರೈಟಿನಲ್ಲಿ ಹಣವಿಲ್ಲದೆ ಎದ್ದೇ ನಿಂತ ದೀಪಗಳು ಇದರಲ್ಲಿ ಮಲಗಿ ಏಳುವಂತಾದುವು. ಮೂವತ್ತೊಂದು ವರ್ಷ ತಡವಾಗಿ ಕಪ್ಪೆಗೆ ರೆಪ್ಪೆ ಬಂದಿತು.

ಮೊದಲ ತಿಂಗಳುಗಳಲ್ಲಿ ಅಮೆರಿಕದ ವ್ಯಾಪಾರಿಗಳು ಸಾವಿರಾರು ಡಾಲರು ಮೇಲೆ ಹೇರಿ ಮಾರಿದರು. ಜನ ಕೊಟ್ಟು ಕೊಂಡರು. ಕಾರ್ಖಾನೆ ಬೆಲೆಯನ್ನು ಕಡಿಮೆಯಿಟ್ಟ ಪುಣ್ಯದ ಫಲವನ್ನು ಮಧ್ಯದವನು ಉಂಡನೆಂದು ಸಿಟ್ಟಾಗಬಹುದು. ಆದರೆ ಕಾರ್ಖಾನೆಯೇ ಆ ಹೆಚ್ಚಿನ ಬೆಲೆ ಬರೆದಿದ್ದರೆ ಮೂರನೆಯ ವರ್ಷ ಕೊಳ್ಳುವವರು ಇರುತ್ತಿರಲಿಲ್ಲವೆಂದು ನನ್ನ ಅನುಮಾನ. ಅದೇ ೧೯೮೯ರಲ್ಲಿ ಇಂಗ್ಲೆಂಡಿನ ಲೋಟಸ್ ಹೊಸ ಎಲಾನ್ ಗಾಡಿಯನ್ನು ತಂದಿತು. ಓಟದಲ್ಲಿ, ತಿರುವಿನಲ್ಲಿ ಅದನ್ನು ಹೊಗಳದವರಿಲ್ಲ. ಬೆಲೆ ಮಾತ್ರ ಬಹಳ ಮೇಲಿದ್ದಿತು. ನಾಲ್ಕು ಸಾವಿರವೂ ತುಂಬದೆ ೧೯೯೨ರಲ್ಲಿ ಅದರ ತಯಾರಿಕೆ ನಿಂತಿತು.

ಮಜ್ದಾದ ಯಶಸ್ಸನ್ನು ಕಂಡು ಹಲವರು ಧುಮುಕಿದರು: ಬಿ. ಎಂ. ಡಬ್ಲ್ಯು., ಟೊಯೊಟಾ, ಮರುಹುಟ್ಟು ಪಡೆದ ಎಂ. ಜಿ. ಇವರಲ್ಲಿ ಬೆಲೆಯ ಮೇಲೆಯೇ ನೇರವಾಗಿ ಹೋರಾಡಿದವರು ಅಮೆರಿಕದ ಜನರಲ್ ಮೋಟಾರ್ಸ್. ಅವರು ೨೦೦೫ರಲ್ಲಿ ಪಾಂಟಿಯಾಕ್ ಸಾಲ್‌ಸ್ಟಿಸ್ ಎಂಬ ಗಾಡಿಯನ್ನು ೧೯,೯೯೫ ಡಾಲರಿಗೆ ತಂದರು. ಇಪ್ಪತ್ತು ಸಾವಿರಕ್ಕೆ ಐದು ಕಡಿಮೆ! ನಮ್ಮ ಬಾಟಾ ಅಂಗಡಿಯ ತೊಂಬತ್ತೈದು ಪೈಸೆಯ ಬೆಲೆಗಳನ್ನು ಬಲ್ಲವರಿಗೆ ಈ ಐದು ಡಾಲರಿನ ಮರ್ಮವನ್ನು ವಿವರಿಸಬೇಕಾಗಿಲ್ಲ. ಗಾಡಿ ನೋಡಲು ಮಜ್ದಾಕ್ಕಿಂತ ಚೆಲುವಾಗಿತ್ತೆಂದು ನಾನೂ ಒಪ್ಪುತ್ತೇನೆ. ಆದರೆ ಇದ್ದ ಭಾಗಗಳನ್ನೇ ಹೊಂದಿಸುವ ಭರದಲ್ಲಿ ಎಣ್ಣೆಯ ತೊಟ್ಟಿ ಹಿಂದಿನ ಗೂಡಿನ ನಡುವೆ ಎದ್ದು ಕುಳಿತಿತು; ಸೂರನ್ನು ಮಡಿಸಿಟ್ಟರೆ ಒಂದು ಕೈಚೀಲಕ್ಕೂ ಪರದಾಟ. ೨೦೦೯ರಲ್ಲಿ ಸಂಸ್ಥೆಯೇ ದಿವಾಳಿಯಾದಾಗ ಡೆಲವೇರಿನ ವಿಲ್ಮಿಂಗ್ಟನ್ ಕಾರ್ಖಾನೆ ಮುಚ್ಚಿತು, ಪಾಂಟಿಯಾಕ್ ಎಂಬ ಹೆಸರೂ ಅಳಿಯಿತು. ಇಟಲಿಯ ಫಿಯಟ್ ಬೇರೆ ದಾರಿ ಹಿಡಿಯಿತು: ತನ್ನ ೧೨೪ ಸ್ಪೈಡರ್ ಗಾಡಿಯನ್ನು ಹಿರೋಷಿಮಾದಲ್ಲಿ, ಮಜ್ದಾದ ಗಾಡಿಯ ಮೇಲೆಯೇ, ಕಟ್ಟಿಸಿಕೊಂಡಿತು. ಖರ್ಚನ್ನು ಹಂಚಿಕೊಂಡರೂ ಅದು ಕೆಲವೇ ವರ್ಷ ಬಾಳಿತು.

ಮಜ್ದಾದ ಹತ್ತು ಲಕ್ಷದನೆಯ ಗಾಡಿ ೨೦೧೬ರಲ್ಲಿ ಹೊರಬಂದಿತು. ಅಮೆರಿಕದಲ್ಲಿ ಈಚೆಗೆ ಅದರ ಆರಂಭದ ಬೆಲೆ ಸುಮಾರು ಮೂವತ್ತು ಸಾವಿರ ಡಾಲರು. ಮೊದಲಿಗಿಂತ ಇಮ್ಮಡಿಯಾಯಿತಲ್ಲ ಎಂದು ಹೌಹಾರುವಂತಿಲ್ಲ. ೧೯೮೯ರ ೧೩,೮೦೦ ಡಾಲರು ಬೆಲೆಯೇರಿಕೆಯನ್ನು ಲೆಕ್ಕಹಾಕಿದರೆ ಇಂದಿನ ಮೂವತ್ತೈದು ಸಾವಿರಕ್ಕೆ ಸಮ. ಗಾಡಿ ಅಂದಿಗಿಂತ ಅಗ್ಗವೇ ಆಗಿದೆ. ಪೈಪೋಟಿಗೆ ಬಹುಮಟ್ಟಿಗೆ ಯಾರೂ ಉಳಿಯದಿದ್ದರೂ ಬೆಲೆಯನ್ನು ಹೀಗೆ ಹಿಡಿದಿರುವುದು ನನಗೆ ಅಚ್ಚರಿಯೆನಿಸುತ್ತದೆ. ಅಳಿದವರ ಪಟ್ಟಿ ಕಣ್ಣಮುಂದಿರುವುದೇ ಅದಕ್ಕೆ ಕಾರಣವಿರಬಹುದು.

ನಮ್ಮಲ್ಲಿಯೂ ಒಮ್ಮೆ ಈ ಸಾಹಸ ನಡೆಯಿತೆಂಬುದನ್ನು ಹೇಳದೆ ಬಿಡಲಾರೆ. ೧೯೯೦ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯ ಬಳಗದವರು ಗೋವಾದಲ್ಲಿ ‘ಸ್ಟಾರ್ಮ್’ ಎಂಬ ತೆರೆದ ಇಬ್ಬರ ಗಾಡಿಯನ್ನು ಮಾಡಿದರು. ಎಂಜಿನು ಫ್ರಾನ್ಸಿನ ರೆನೊ ಸಂಸ್ಥೆಯದು, ಮೈ ಗಾಜುನಾರಿನದು. ಕೊಂಡವರು ಬಹಳ ಕಡಿಮೆ. ಅದರ ಬೆನ್ನ ಹಿಂದೆ ಸಾಲ ತೀರಿಸುವ ಸಂಸಾರದ ಗಾಡಿಯೊಂದು ಇರಲಿಲ್ಲ. ಇನ್ನು, ಕಿಂಬರರ ಆ ಎರಡು ಅಕ್ಷರಗಳು ಈಗ ಚೀನಾದ ಸಂಸ್ಥೆಯೊಂದರ ಸ್ವತ್ತು. ೨೦೨೫ರ ಜುಲೈಯಲ್ಲಿ ಎಂ. ಜಿ. ಹೆಸರಿನ ಇಬ್ಬರ ಗಾಡಿಯೊಂದು, ಸೈಬರ್‌ಸ್ಟರ್, ಭಾರತಕ್ಕೂ ಬಂದಿತು. ವಿದ್ಯುತ್ತಿನಿಂದ ಓಡುವ ಅದರ ತೂಕ ಎರಡು ಟನ್ನಿನ ಹತ್ತಿರ. ಬೆಲೆ ಎಪ್ಪತ್ತೈದು ಲಕ್ಷ ರೂಪಾಯಿಯ ಹತ್ತಿರ. ಗುಂಡಿಯೊಂದನ್ನು ಒತ್ತಿದರೆ ಅದರ ಬಾಗಿಲುಗಳು ಗರುಡನ ರೆಕ್ಕೆಯಂತೆ ತಾವಾಗಿಯೇ ಮೇಲಕ್ಕೆ ಏಳುತ್ತವೆ. ಸ್ಪ್ರೈಟಿನ ಬಾಗಿಲನ್ನು ಒಳಗೆ ಕೈ ಹಾಕಿ ತೆಗೆಯುತ್ತಿದ್ದವರು ಅದನ್ನು ನಿಂತು ನೋಡಬಹುದು.